ಹೊಗೆ ಯಾರದು?

ನಮ್ಮ ಮನೆಯ ಯೆಜ್ಡಿ ಮೈಸೂರಿನ ಕೂಸು. ಹೆತ್ತ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು; ಕೂಸು ಇನ್ನೂ ಗುಡುಗುತ್ತಿದೆ. ಇವರು ಓಡಿಸುವಾಗ ಹಿಂದೆ ಒಂದೇ ಬದಿಗೆ ಕಾಲಿಳಿಬಿಟ್ಟು, ಸೆರಗು ಬಿಗಿಹಿಡಿದು, ಶಿವಮೊಗ್ಗದಿಂದ ಉಡುಪಿಗೆ ಎಷ್ಟು ಸಲ ಹೋಗಿದ್ದೇನೋ! ಆಗುಂಬೆ ಘಾಟಿಯ 14 ತಿರುವುಗಳಲ್ಲೂ ನಾನು ಕಂಡದ್ದು ಬರೀ ಎಡಗಡೆ. ಬಲಗಡೆ ಏನಿತ್ತೋ ಇವರಿಗೇ ಗೊತ್ತು.

ಇವರು ಹೋದ ಮೇಲೆ ಆರ್.ಸಿ. ಪುಸ್ತಕಕ್ಕೆ ನನ್ನ ಹೆಸರು ಬಂತು. "ಮಾರಿಬಿಡಮ್ಮ" ಎಂದ ಮಗ. ಓಡಿಸಲು ಬಾರದವಳು ಎಂಥ ಒಡತಿ? ಐವತ್ತೆರಡರಲ್ಲಿ ಹಟಹಿಡಿದು ಕಲಿತೆ. ಇದರಲ್ಲಿ ಕಿಕ್ಕರನ್ನೇ ತಿರುಗಿಸಿದರೆ ಗೇರು. ಪೆಟ್ರೋಲಿಗೆ ಎಣ್ಣೆ ಅಳೆದು ಬೆರೆಸಬೇಕು. ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಹೊಗೆ. ಒಗ್ಗರಣೆಯ ಹಾಗೆ, ಕೈಯಳತೆ ಬೇಕು.

ಮೊದಲ ಸಲ ಒಬ್ಬಳೇ ಘಾಟಿ ಇಳಿದಾಗ ಬಲಗಡೆಯನ್ನೂ ನೋಡಿದೆ. ಕಣ್ಣು ತುಂಬಿತು. ಅಷ್ಟರಲ್ಲಿ ಕನ್ನಡಿಯಲ್ಲೊಂದು ಸ್ಕೂಟರ್. ಹಿಂದೆ ಕೂತಿದ್ದ ತಾಯಿ ನನ್ನ ಹೊಗೆಗೆ ಹೆದರಿ ಮಗುವಿನ ಮುಖಕ್ಕೆ ಸೆರಗು ಮುಚ್ಚಿದಳು. ನನ್ನ ನೆನಪಿನ ಬೆಲೆಯನ್ನು ಆ ಮಗು ಏಕೆ ತೆರಬೇಕು?

ಮಾರಿದರೆ ಹೊಗೆ ಇನ್ನೊಬ್ಬರ ಕೈಗೆ ಹೋದೀತು, ಇಲ್ಲವಾಗದು. ಸೈಲೆನ್ಸರ್ ಬಿಚ್ಚಿಸಿ ಕರಿ ಕೆರೆಸಿದೆ, ಎಣ್ಣೆಯ ಅಳತೆ ತಿದ್ದಿಕೊಂಡೆ, ಸಂತೆಗೆ ಬಸ್ಸು ಹಿಡಿದೆ. ಗಾಡಿ ವರ್ಷಕ್ಕೆ ಎರಡು ಸಲ ಮಾತ್ರ ಉಡುಪಿಗೆ ಹೊರಡುತ್ತದೆ. ಆಗಲೂ ಹೊಗೆ ಪೂರ್ತಿ ನಿಂತಿಲ್ಲ. ಹಿಂದೆ ಮಕ್ಕಳಿರುವ ಗಾಡಿ ಕಂಡರೆ ಬದಿಗೆ ಸರಿದು ದಾರಿ ಬಿಡುತ್ತೇನೆ.

ಪುಸ್ತಕಕ್ಕೆ ಹೆಸರು ಬಂದ ದಿನವಲ್ಲ, ಆ ಹೊಗೆಯೂ ನನ್ನದೇ ಎಂದು ಒಪ್ಪಿದ ದಿನ ನಾನು ಒಡತಿಯಾದೆ ಎನಿಸುತ್ತದೆ. ನೀವೇನನ್ನುತ್ತೀರಿ?