ಖಾಲಿ ಗಾಡಿ ಓಟ: ಲೀಲೆಯೋ, ನಿರ್ದಯೆಯೋ?

ಹೇರಿಲ್ಲದ ಗಾಡಿಗೆ ಜೋಡೆತ್ತು ಹೂಡಿ ಓಡಿಸುವ ಸ್ಪರ್ಧೆಗೆ ಖಾಲಿ ಗಾಡಿ ಓಟ ಎನ್ನುತ್ತಾರೆ. ಹರಿಹರ, ದಾವಣಗೆರೆ, ಹಾವೇರಿ ಸೀಮೆಯಲ್ಲಿ ಹಬ್ಬ, ಜಾತ್ರೆಗಳ ಹೊತ್ತಿಗೆ ಇದನ್ನು ಏರ್ಪಡಿಸುತ್ತಾರೆ. ಅನೇಕ ಕಡೆ ಗೊತ್ತುಮಾಡಿದ ಸಮಯದೊಳಗೆ ಯಾವ ಜೋಡಿ ಹೆಚ್ಚು ದೂರ ಓಡಿತೆಂದು ಅಡಿ ಲೆಕ್ಕದಲ್ಲಿ ಅಳೆದು ಬಹುಮಾನ ಕೊಡುತ್ತಾರೆ. ಗೊಬ್ಬರ ಸಾಗಿಸಲು, ಕಾಳಿನ ಚೀಲ ತರಲು ಇದ್ದ ಗಾಡಿ ಇಲ್ಲಿ ಏನನ್ನೂ ಹೊರುವುದಿಲ್ಲ. ದುಡಿಮೆಯ ಬಂಡಿ ಬರೀ ಸಂತೋಷಕ್ಕಾಗಿ ಓಡುತ್ತದೆ. ಆದರೆ ಸಂತೋಷ ಗಾಡಿ ಹೊಡೆಯುವವನದು, ಏದುಸಿರು ಎತ್ತಿನದು. ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಭಾರತೀಯ ದರ್ಶನಗಳಲ್ಲಿ ಆಟ ಹಗುರವಾದ ವಿಷಯವಲ್ಲ. ಯಾವ ಕೊರತೆಯೂ ಇಲ್ಲದ ಬ್ರಹ್ಮ ಜಗತ್ತನ್ನು ಏಕೆ ಸೃಷ್ಟಿಸಬೇಕು ಎಂಬ ಆಕ್ಷೇಪಕ್ಕೆ ಬಾದರಾಯಣರ ಬ್ರಹ್ಮಸೂತ್ರ ಕೊಡುವ ಉತ್ತರ ಲೀಲೆ. ಶಂಕರರ ಭಾಷ್ಯ ಇದಕ್ಕೆ ಬಯಕೆಗಳೆಲ್ಲ ಈಡೇರಿದ ಅರಸನ ವಿಹಾರವನ್ನು ಉದಾಹರಿಸುತ್ತದೆ. ಲೀಲೆಯ ಮಾತನ್ನು ಎತ್ತಿ ಆಡುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ, ಸೂತ್ರಕಾರ ನಿಲ್ಲುವುದಿಲ್ಲ. ಮರುಸೂತ್ರದಲ್ಲೇ ಪಕ್ಷಪಾತ ಮತ್ತು ನಿರ್ದಯೆಯ ಆರೋಪವನ್ನು ಎದುರಿಸುತ್ತಾನೆ. ಇದು ಲೀಲೆಯಾದರೆ ಇದರೊಳಗೆ ನೋಯುವವರ ಗತಿಯೇನು? ಜೀವಿಗಳ ಕರ್ಮಕ್ಕೆ ತಕ್ಕಂತೆ ಸೃಷ್ಟಿ ನಡೆಯುತ್ತದೆ ಎಂಬುದು ಅಲ್ಲಿಯ ಸಮಾಧಾನ. ಅಂದರೆ ದೇವರ ಆಟಕ್ಕೂ ದಯೆಯ ಲೆಕ್ಕ ಒಪ್ಪಿಸುವುದು ತಪ್ಪಿಲ್ಲ. ಎತ್ತಿನ ಬಾಲ ತಿರುಚುವವನು ಅದರ ಕರ್ಮವೆಂದು ಹೇಳಿ ಪಾರಾಗುವಂತಿಲ್ಲ; ಅಲ್ಲಿ ಕರ್ಮ ಅವನದೇ.

ಹರಿಹರದ ದೈವವೂ ಈ ವಿಚಾರಕ್ಕೆ ಹೊರತಲ್ಲ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇಗುಲದಲ್ಲಿ ಶಿವ ಮತ್ತು ವಿಷ್ಣು ಒಂದೇ ಮೂರ್ತಿಯಲ್ಲಿದ್ದಾರೆ. ಹರನ ವಾಹನ ನಂದಿ, ಹರಿಯದು ಗರುಡ. ಶೈವ ಪರಂಪರೆಯಲ್ಲಿ ನಂದಿ ಬರೀ ವಾಹನವಲ್ಲ, ಗಣಗಳಲ್ಲಿ ಮುಖ್ಯನಾದ ಭಕ್ತ. ಶಿವಾಲಯಗಳಲ್ಲಿ ಅವನು ಸಾಮಾನ್ಯವಾಗಿ ಓಡುವುದಿಲ್ಲ, ಕಾಲು ಮಡಿಸಿ ಸ್ವಾಮಿಯ ಕಡೆ ಮುಖಮಾಡಿ ಕುಳಿತಿರುತ್ತಾನೆ. ಸೀಮೆಯ ಹಬ್ಬಗಳಲ್ಲಿ ಪೂಜೆ ಮತ್ತು ಓಟ ಎರಡೂ ಇವೆ. ಕಾರಹುಣ್ಣಿಮೆಯಂದು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು ಕರಿ, ಅಂದರೆ ಅಡ್ಡ ಕಟ್ಟಿದ ತೋರಣ, ಹರಿಯಲು ಓಡಬಿಡುತ್ತಾರೆ. ಮುಂದೆ ಬಂದ ಎತ್ತಿನ ಬಣ್ಣ ನೋಡಿ ಆ ವರ್ಷದ ಬೆಳೆ ಹೇಳುವ ಊರುಗಳಿವೆ. ಹದಿನೈದು ದಿನಕ್ಕೆ ಮಣ್ಣಿನ ಎತ್ತುಗಳನ್ನು ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆ.

ಕಾನೂನು ಎರಡು ದಿಕ್ಕಿಗೂ ವಾಲಿದೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಮತ್ತು ಗಾಡಿ ಓಟಗಳನ್ನು ನಿಷೇಧಿಸಿತು. ಎತ್ತಿನ ಮೈಕಟ್ಟು ಕುದುರೆಯಂತೆ ಓಟಕ್ಕಾಗಿ ಇರುವುದಲ್ಲ ಎಂದಿತು. ಕರ್ನಾಟಕ 2017ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದು ಕಂಬಳ ಮತ್ತು ಎತ್ತಿನ ಗಾಡಿ ಓಟಕ್ಕೆ ದಾರಿ ಮಾಡಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು.

ಓಟದ ಪರ ಇರುವವರ ಗಟ್ಟಿಯಾದ ವಾದ ತಳಿಯದು. ಭದ್ರಾ ನಾಲೆಯ ಗದ್ದೆಗಳಿಗೆ ಟ್ರ್ಯಾಕ್ಟರ್ ಇಳಿದ ಮೇಲೆ ಹುರುಳಿ, ಹತ್ತಿಕಾಳು ಹಾಕಿ ಎತ್ತು ಸಾಕಲು ಸ್ಪರ್ಧೆಯಲ್ಲದೆ ಬೇರೆ ಕಾರಣ ಕಡಿಮೆ. ಓಟ ನಿಂತರೆ ಹಳ್ಳಿಕಾರ್, ಅಮೃತಮಹಲ್ ಹೋರಿಗಳು ಕೊಟ್ಟಿಗೆಯಲ್ಲಿ ಉಳಿಯುವುದಿಲ್ಲ. ಈ ಮಾತಿನಲ್ಲಿ ಹುರುಳಿದೆ. ಆದರೆ ಇದು ಎತ್ತನ್ನು ಸಾಕಲು ಕಾರಣವಾದೀತೇ ಹೊರತು ಹೊಡೆಯಲು ಅಲ್ಲ. ಮನೆಮಗನಂತೆ ಸಾಕಿದೆವು ಎನ್ನುವವರ ಕೈಯಲ್ಲೇ ಬಾರುಕೋಲಿರುತ್ತದೆ, ಕೆಲವೊಮ್ಮೆ ಅದರ ತುದಿಯಲ್ಲಿ ಮೊಳೆಯೂ ಇರುತ್ತದೆ. ಓಟಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದೆ. ಮೊಳೆಗೆ ಆ ಕಾನೂನಿನಲ್ಲಾಗಲಿ, ಬ್ರಹ್ಮಸೂತ್ರದಲ್ಲಾಗಲಿ ಒಪ್ಪಿಗೆ ಇಲ್ಲ. ಬಾರುಕೋಲು ಹಿಡಿದವನ ಜೋಡಿಯನ್ನು ಸಾಲಿನಿಂದಲೇ ಹೊರಗಿಡುವ ನಿಯಮವನ್ನು ಜಾತ್ರಾ ಸಮಿತಿಗಳು ತಾವಾಗಿಯೇ ಮಾಡಿಕೊಳ್ಳಬೇಕು.