ದೋಣಿಗೊಂದು ಮರ

ಮೈಲಾರಲಿಂಗನ ಒಕ್ಕಲಿರುವ ಹೊಸದುರ್ಗ, ಹೊಳಲ್ಕೆರೆ ಸೀಮೆಯ ಮನೆಗಳಲ್ಲಿ ದೋಣಿ ತುಂಬಿಸುವ ಹರಕೆ ಇನ್ನೂ ಉಳಿದಿದೆ. ಕರಿ ಕಂಬಳಿ ಹೊದ್ದು, ಕರಡಿ ಕೂದಲಿನ ಟೊಪ್ಪಿಗೆ ತೊಟ್ಟು, ಡಮರುಗ ಬಾರಿಸುತ್ತ ಬರುವ ಗೊರವಯ್ಯಗಳು ತಮ್ಮ ಮರದ ದೋಣಿಗಳನ್ನು ದೇವರ ಮುಂದೆ ಇಡುತ್ತಾರೆ. ಅವಕ್ಕೆ ಭಂಡಾರ ಹಚ್ಚಿ ಪೂಜೆ. ಹಾಲು, ಬಾಳೆಹಣ್ಣು, ಬೆಲ್ಲ, ತುಪ್ಪ ಒಳಗೆ ಬೀಳುತ್ತವೆ. ಆಮೇಲೆ ಗೊರವಯ್ಯಗಳು ಮೊಣಕಾಲೂರಿ, ನಾಯಿಯಂತೆ ಬೊಗಳುತ್ತ, ಕೈ ತಾಗಿಸದೆ ಬಾಯಿಂದಲೇ ಉಣ್ಣುತ್ತಾರೆ. ಮಣಿ-ಮಲ್ಲಾಸುರರ ಮೇಲೆ ಏರಿಹೋದ ಮೈಲಾರನ ನಾಯಿಗಳು ತಾವು ಎಂಬ ನಂಬಿಕೆ ಅವರದು.

ನನ್ನ ಕಣ್ಣು ಹೋಗುವುದು ಆ ಪಾತ್ರೆಯ ಕಡೆಗೆ. ಬೆಸುಗೆಯಿಲ್ಲ, ಮೊಳೆಯಿಲ್ಲ, ಒಂದೇ ತುಂಡಿನ ಹೊಟ್ಟೆ ತೋಡಿ ಮಾಡಿದ್ದು. ಬಾಚಿಯಲ್ಲಿ ಹೊರಮೈ ಕೆತ್ತಿ, ಉಳಿಯಲ್ಲಿ ಒಳಗನ್ನು ಇಳಿಸಬೇಕು. ಹಸಿ ಮರವನ್ನು ತೋಡಿ ಬಿಸಿಲಿಗಿಟ್ಟರೆ ಸೀಳಿಬಿಡುತ್ತದೆ. ಅಡ್ಡ ಕೊಯ್ದ ಮುಖದಲ್ಲಿ ನೀರು ಬೇಗ ಆರುತ್ತದೆ, ಮಗ್ಗುಲಲ್ಲಿ ನಿಧಾನ; ಆ ಎಳೆದಾಟಕ್ಕೇ ಬಿರುಕು. ಅದಕ್ಕೇ ನೆರಳು ಬೇಕು, ತಾಳ್ಮೆ ಬೇಕು. ಹಾಗೆ ಪಳಗಿದ ಮರ ಹಾಲು ತುಪ್ಪ ಕುಡಿದು ಕಪ್ಪಗೆ ಮಿನುಗುತ್ತ ಮನೆತನದಲ್ಲಿ ಉಳಿಯುತ್ತದೆ. ಮರಕ್ಕೆ ಇದಕ್ಕಿಂತ ಒಳ್ಳೆಯ ಎರಡನೇ ಜನ್ಮವನ್ನು ನಾನು ಕಂಡಿಲ್ಲ.

ಬಿದ್ದ ಮರಕ್ಕೆಲ್ಲ ಆ ಭಾಗ್ಯವಿಲ್ಲ. ಹಿರಿಯೂರು, ಚಿತ್ರದುರ್ಗದ ಮೇಲೆ ಹಾದ ಪುಣೆ-ಬೆಂಗಳೂರು ಹೆದ್ದಾರಿ ನಾಲ್ಕು ಪಥವಾಗುವಾಗ ಹಳೆಯ ಸಾಲುಮರಗಳು ಉರುಳಿದವು. ಹುಣಸೆ, ಬೇವು, ಆಲ. ಎತ್ತಿನ ಗಾಡಿಗಳ ಕಾಲದಿಂದ ದಾರಿಹೋಕರಿಗೆ ನೆರಳು ಕೊಟ್ಟವು. ಊರಿನ ಒಳರಸ್ತೆ ಅಗಲವಾಗುವಾಗಲೂ ಇದೇ ಕಥೆ. ಮರ ಕಡಿಯಲು ಅನುಮತಿ ಬೇಕೆನ್ನುವ 1976ರ ಕಾಯ್ದೆ ನಮ್ಮಲ್ಲಿದೆ. ಅನುಮತಿ ಸಿಕ್ಕ ಮೇಲೆ ಕಾಂಡ ಹರಾಜಿಗೆ ಹೋಗುತ್ತದೆ, ಅಲ್ಲಿಂದ ಸಾಮಿಲ್ಲಿಗೋ ಒಲೆಗೋ. ಒನಕೆಗೂ ಗಾಣಕ್ಕೂ ಹುಡುಕಿ ತರುತ್ತಿದ್ದ ಹುಣಸೆಯ ಚೇಗು ಬೂದಿಯಾಗುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಕಡಿದ ಮರ ಹೀಗೇ ಹೋಗಬೇಕೆಂದೇನಿಲ್ಲ. ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್‌ನಲ್ಲಿ ಷೇಕ್ಸ್‌ಪಿಯರ್ ತನ್ನ ಮನೆಯ ತೋಟದಲ್ಲಿ ನೆಟ್ಟನೆಂದು ಜನ ನಂಬಿದ್ದ ಹಿಪ್ಪುನೇರಳೆ ಮರವೊಂದಿತ್ತು. ನೋಡಲು ಬರುವವರ ಕಾಟ ತಾಳದೆ ಆಮೇಲೆ ಆ ಮನೆಯ ಒಡೆಯನಾಗಿದ್ದ ಪಾದ್ರಿ 1756ರಲ್ಲಿ ಅದನ್ನು ಕಡಿಸಿಹಾಕಿದ. ಊರಿನ ಗಡಿಯಾರದವನು ತಾಮಸ್ ಷಾರ್ಪ್ ಅದರ ಮರವನ್ನು ಕೊಂಡು ಬಟ್ಟಲು, ಡಬ್ಬಿಗಳನ್ನು ಮಾಡಿಸಿ ಮಾರಿದ. ಅವನಿಗೆ ಅದು ವ್ಯಾಪಾರವೇ. ಆದರೂ ಆ ಮರದ ತುಣುಕುಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ.

ನಮ್ಮಲ್ಲಿ ಗಾಜಿನ ಪೆಟ್ಟಿಗೆಯೂ ಬೇಡ. ದೋಣಿ ಕೆತ್ತಬಲ್ಲ ಕೈಗಳು ಇನ್ನೂ ಇರುವಾಗಲೇ, ಹಳೆಯ ಮರ ಬಿದ್ದ ಪಂಚಾಯಿತಿ ಅರಣ್ಯ ಇಲಾಖೆಯನ್ನು ಒಂದು ಮಾತು ಕೇಳಲಿ: ಹರಾಜಿಗೆ ಮುಂಚೆ ಎರಡು ಗೇಣು ಗಟ್ಟಿ ಕಾಂಡವನ್ನು ಊರಿನ ಬಡಗಿಗೆ ಬಿಟ್ಟುಕೊಡಿ ಎಂದು. ಅದರಲ್ಲಿ ದೋಣಿಯಾಗಲಿ, ಹಿಟ್ಟು ಕಲೆಸುವ ಮರಿಗೆಯಾಗಲಿ. ಮರ ನಿಂತಿದ್ದ ಜಾಗದ ಹೆಸರು, ಬಿದ್ದ ವರ್ಷ ಎರಡನ್ನೂ ಅದರ ತಳದಲ್ಲಿ ಕೆತ್ತಿಸಿ ಗೊರವಯ್ಯನಿಗೋ, ಊರಿನ ಶಾಲೆಗೋ ಕೊಡಲಿ.