ಅಚ್ಚಿನಮನೆ ಅಡುಗೆಮನೆಗೆ ಬಂದಾಗ

ಹೆಂಗಸರ ಹವ್ಯಾಸವೆಂದರೆ ಕಸೂತಿ, ರಂಗೋಲಿ, ಹೂಗಿಡ ಇಷ್ಟೇ ಎಂದು ತಿಳಿದವರು ಈಗಲೂ ಇದ್ದಾರೆ. ನನ್ನ ಹವ್ಯಾಸ ಸ್ವಲ್ಪ ಬೇರೆ. ಗಣಕಯಂತ್ರದಲ್ಲಿ ಕನ್ನಡ ಮೂಡಿಸುವ ತಂತ್ರಾಂಶಗಳು, ಬರೆದದ್ದನ್ನು ನಾವೇ ಅಂತರಜಾಲದಲ್ಲಿ ಪ್ರಕಟಿಸಿಕೊಳ್ಳುವ ಬ್ಲಾಗಿನ ಸಾಧನಗಳು, ಇವನ್ನು ಒಂದೊಂದಾಗಿ ಪ್ರಯೋಗ ಮಾಡಿ ನೋಡುವುದು ನನಗೆ ಹದಿನೈದು ವರ್ಷಗಳಿಂದ ಅಂಟಿದ ಚಟ. ಹಂಪಾಪುರದಲ್ಲಿ ಮೈಸೂರಿನ ಕಡೆಯ ಬಸ್ಸು ನಿಂತು, ರಾತ್ರಿಯ ಪಾತ್ರೆ ತೊಳೆದು ಮುಗಿದ ಮೇಲೆ, ಕರೆಂಟು ಇದ್ದರೆ ಒಂದು ಗಂಟೆ ನನಗೆ ಇದೇ ಕೆಲಸ. ಈ ಚಟ ನನಗೆ ತಂತ್ರಜ್ಞಾನವನ್ನು ಎಷ್ಟು ಕಲಿಸಿತೋ ಹೇಳಲಾರೆ, ಒಂದು ಪ್ರಶ್ನೆಯನ್ನಂತೂ ತಂದಿಟ್ಟಿತು. ಏನನ್ನು ಬೇಕಾದರೂ ಗುಂಡಿಯೊಂದನ್ನು ಒತ್ತಿ ಲೋಕಕ್ಕೆಲ್ಲ ಹೇಳಬಹುದಾದಾಗ, ಯಾವುದನ್ನು ಹೇಳಬಾರದು ಎಂದು ತೀರ್ಮಾನಿಸುವವರು ಯಾರು?

1990ರ ಆಸುಪಾಸಿನಲ್ಲಿ, ನಾನು ಬಿ.ಎ. ಓದುತ್ತಿದ್ದಾಗ, ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆದು, ಸ್ವವಿಳಾಸದ ಲಕೋಟೆಗೆ ಸ್ಟಾಂಪು ಅಂಟಿಸಿ ಪತ್ರಿಕೆಗೆ ಕಳಿಸುತ್ತಿದ್ದೆವು. ಬಹಳ ಸಲ ಅದೇ ಲಕೋಟೆಯಲ್ಲಿ ನಮ್ಮ ಬರಹ ನಮಗೇ ವಾಪಸು ಬರುತ್ತಿತ್ತು. ಆಗ ಬೇಸರವಾಗುತ್ತಿದ್ದದ್ದು ನಿಜ. ಆದರೆ ಎಲ್ಲೋ ಕುಳಿತ ಸಂಪಾದಕರೊಬ್ಬರು ನಮ್ಮ ಪರವಾಗಿ ‘ಇದು ಬೇಡ’ ಎಂದು ಹೇಳುವ ಕೆಲಸ ಮಾಡುತ್ತಿದ್ದರು. ಅಂಚೆ ಹೋಗಿ ಬರುವ ತಿಂಗಳೆರಡು ತಿಂಗಳಲ್ಲಿ ನಮ್ಮ ಸಿಟ್ಟೂ ಇಳಿದಿರುತ್ತಿತ್ತು.

ಹಾಗೆಂದು ಆ ಕಾಲವೇ ಚೆನ್ನಾಗಿತ್ತು ಎನ್ನುವವಳು ನಾನಲ್ಲ. ನಮ್ಮ ಕಪಿಲೆಯ ದಂಡೆಯಲ್ಲೇ ಕೆಳಕ್ಕೆ ಹೋದರೆ ನಂಜನಗೂಡು. 1887ರಲ್ಲಿ ಅಲ್ಲಿ ಹುಟ್ಟಿದ ತಿರುಮಲಾಂಬಾ ಬಾಲ್ಯದಲ್ಲೇ ವಿಧವೆಯಾದವರು. ಅವರು ಯಾರೋ ಬಾಗಿಲು ತೆರೆಯಲಿ ಎಂದು ಕಾಯಲಿಲ್ಲ. ‘ಸತೀ ಹಿತೈಷಿಣೀ’ ಗ್ರಂಥಮಾಲೆಯನ್ನು ತಾವೇ ಆರಂಭಿಸಿ ಪುಸ್ತಕಗಳನ್ನು ಹೊರತಂದರು. ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನು ನಡೆಸಿದರು. ತನ್ನ ಮಾತನ್ನು ತಾನೇ ಪ್ರಕಟಿಸಬೇಕೆಂಬ ಹೆಣ್ಣಿನ ಆಸೆ ಇಂದು ನಿನ್ನೆಯದಲ್ಲ. ನೂರು ವರ್ಷದ ಹಿಂದೆ ಅದಕ್ಕೆ ಕಾಗದ ಬೇಕಿತ್ತು, ಮೊಳೆ ಜೋಡಿಸುವವರು ಬೇಕಿತ್ತು, ಹಣ ಬೇಕಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಜನರ ಮಾತನ್ನು ತಡೆದುಕೊಳ್ಳುವ ಎದೆ ಬೇಕಿತ್ತು. ಈಗ ಒಂದು ಫೋನು ಸಾಕು.

ಆದರೆ ಅಷ್ಟು ಸಲೀಸಾಗಿ ಏನೂ ಇಲ್ಲಿಗೆ ಬರಲಿಲ್ಲ. ನಾನು ಮೊದಲು ಹಿಡಿದದ್ದು ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’. ಇಂಗ್ಲಿಷಿನಲ್ಲಿ ಉಚ್ಚಾರಣೆಯಂತೆ ಕುಟ್ಟುತ್ತ ಹೋದರೆ ಕನ್ನಡ ಮೂಡುತ್ತದೆ. ದೊಡ್ಡ ‘ಡಿ’ ಒತ್ತಿದರೆ ಡಕಾರ, ಚಿಕ್ಕದು ಒತ್ತಿದರೆ ದಕಾರ. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಅದರ ಕೀಲಿಮಣೆಯ ಮೂಲ ವಿನ್ಯಾಸ ಕೆ.ಪಿ. ರಾವ್ ಅವರದು. ಅಲ್ಲಿ ಒತ್ತಕ್ಷರ ಬೇಕೆಂದರೆ ಎರಡು ಅಕ್ಷರಗಳ ನಡುವೆ ‘ಎಫ್’ ಒತ್ತಬೇಕು. ಅಭ್ಯಾಸವಾಗುವ ತನಕ ನನ್ನ ‘ಅಮ್ಮ’ ‘ಅಮಮ’ ಆಗಿಯೇ ಇದ್ದಳು!

ಇನ್ನೊಂದು ತೊಡಕಿತ್ತು. ಹಳೆಯ ಪದ್ಧತಿಯಲ್ಲಿ ಯಂತ್ರದೊಳಗೆ ಕೂತಿರುತ್ತಿದ್ದದ್ದು ಇಂಗ್ಲಿಷ್ ಸಂಕೇತಗಳು. ಅವುಗಳ ಮೇಲೆ ಕನ್ನಡದ ಆಕಾರ ಹೊದಿಸಿರುತ್ತಿದ್ದರು, ಅಷ್ಟೇ. ನಾನು ಬರೆದ ಪುಟ ಮೈಸೂರಿನಲ್ಲಿದ್ದ ನನ್ನ ತಂಗಿಯ ಯಂತ್ರದಲ್ಲಿ ತೆರೆದರೆ ಬರೀ ಗೋಜಲು. ಯುನಿಕೋಡ್ ಎಂಬ ವ್ಯವಸ್ಥೆ ಈ ಕಷ್ಟ ತಪ್ಪಿಸಿತು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಓಣಿ ಗೊತ್ತಾಗಿತ್ತು. ಅದು ನಮ್ಮ ಮೇಜಿನವರೆಗೆ ಬರಲು ಇನ್ನೂ ಹತ್ತು ಹನ್ನೆರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಬ್ಲಾಗಿನ ಸಾಧನಗಳೂ ಹುಟ್ಟಿದ್ದವು: 1999ರಲ್ಲಿ ಬ್ಲಾಗರ್, 2003ರಲ್ಲಿ ವರ್ಡ್‌ಪ್ರೆಸ್. 2017ರಿಂದ ಫೋನಿನ ಕೀಲಿಮಣೆಗೆ ಬಾಯಲ್ಲಿ ಹೇಳಿದರೂ ಸಾಕು, ಅದೇ ಕನ್ನಡದಲ್ಲಿ ಬರೆದುಕೊಳ್ಳುತ್ತದೆ.

ನಾನು ಎಲ್ಲವನ್ನೂ ಪ್ರಯೋಗಿಸಿದೆ. ಒಂದರಲ್ಲಿ ಪುಟದ ಅಂದ ಚೆಂದ, ಇನ್ನೊಂದರಲ್ಲಿ ಸ್ವಂತ ಹೆಸರಿನ ವಿಳಾಸ. ಹಬ್ಬಕ್ಕೆ ತೋರಣ ಬದಲಿಸುವಂತೆ ಪುಟದ ಬಣ್ಣ ಬದಲಿಸಿದೆ. ಎಷ್ಟು ಜನ ಬಂದು ನೋಡಿದರೆಂದು ಲೆಕ್ಕ ತೋರಿಸುವ ಅಂಕಿಯೂ ಇತ್ತು. ಬೆಳಿಗ್ಗೆ ಎದ್ದು ಹಾಲು ಕಾಯಿಸುವ ಮೊದಲು ಅದನ್ನು ನೋಡುವ ಮನಸ್ಸಾಗುತ್ತಿತ್ತು. ಇವೆಲ್ಲವೂ ಬಾಡಿಗೆ ಮನೆಗಳೆಂಬುದೂ ತಿಳಿಯಿತು. ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು, ಆರ್ಕುಟ್ 2014ರಲ್ಲಿ. ಜನ ಬರೆದದ್ದೆಷ್ಟೋ ಅವುಗಳ ಜೊತೆಗೇ ಹೋಯಿತು. ಇನ್ನೊಂದು ಕಡೆ, ನಾವು ಅಳಿಸಿದೆವು ಎಂದುಕೊಂಡದ್ದು ಅಳಿಯುವುದೂ ಇಲ್ಲ. 1996ರಿಂದ ಅಂತರಜಾಲದ ಪುಟಗಳ ಪ್ರತಿ ತೆಗೆದಿಡುತ್ತಿರುವ ಇಂಟರ್ನೆಟ್ ಆರ್ಕೈವ್‌ನಂಥ ಸಂಸ್ಥೆಗಳಿವೆ. ಫೋನಿನ ಪರದೆಯ ಚಿತ್ರ ತೆಗೆದಿಡುವವರಂತೂ ಊರೂರಲ್ಲಿ ಇದ್ದಾರೆ. ಉಳಿಯಲಿ ಎಂದದ್ದು ಹೋಗುತ್ತದೆ, ಹೋಗಲಿ ಎಂದದ್ದು ಉಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ನಡೆದ ಒಂದು ಸಂಗತಿ ಹೇಳುತ್ತೇನೆ. ತರಗತಿಯಲ್ಲಿ ‘ನಮ್ಮ ಮನೆ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಸಿದ್ದೆ. ಎಲ್ಲ ಮಕ್ಕಳೂ ಕಿಟಕಿ ಎಷ್ಟು, ಬಾಗಿಲು ಎಷ್ಟು ಎಂದು ಬರೆದಿದ್ದರು. ಒಬ್ಬ ಹುಡುಗಿ ಮಾತ್ರ ತನ್ನ ತಾಯಿ ಸ್ವಸಹಾಯ ಸಂಘದ ಕಂತಿನ ಹಣವನ್ನು ಅಪ್ಪನ ಕಣ್ಣಿಗೆ ಬೀಳದಂತೆ ಅಡುಗೆಮನೆಯ ಒಂದು ಜಾಗದಲ್ಲಿ ಇಡುವುದನ್ನು ಬರೆದಿದ್ದಳು. ಅಪ್ಪ ಕುಡಿದು ಬಂದ ರಾತ್ರಿ ಅಮ್ಮ ಆ ಜಾಗಕ್ಕೆ ಬೆನ್ನು ಕೊಟ್ಟು ಕೂರುತ್ತಾಳೆ, ನಾನೂ ಪಕ್ಕದಲ್ಲಿ ಕೂರುತ್ತೇನೆ ಎಂದು ಮುಗಿಸಿದ್ದಳು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ನನ್ನ ಕೈ ಅಲ್ಲಿ ನಿಂತುಬಿಟ್ಟಿತು. ಆ ಜಾಗ ಯಾವುದೆಂದು ನಾನು ಇಲ್ಲಿಯೂ ಹೇಳುವುದಿಲ್ಲ. ನಿಮ್ಮ ನಮ್ಮ ಅಡುಗೆಮನೆಯಲ್ಲೂ ಅಂಥದ್ದೊಂದು ಜಾಗ ಇದ್ದೇ ಇರುತ್ತದೆ.

ಅದನ್ನು ನನ್ನ ಪುಟದಲ್ಲಿ ಹಾಕಬೇಕೆಂದು ಆ ರಾತ್ರಿಯೇ ಬೆರಳಚ್ಚು ಮಾಡಿದೆ. ಹೆಸರು ಬದಲಿಸಿದೆ. ಬ್ಲಾಗಿನ ಸಾಧನದಲ್ಲಿ ಎರಡು ಗುಂಡಿಗಳು ಹತ್ತಿರ ಹತ್ತಿರ ಇರುತ್ತವೆ: ‘ಕರಡಾಗಿ ಉಳಿಸು’, ‘ಪ್ರಕಟಿಸು’. ಕರಡಾಗಿ ಉಳಿಸಿ ಮಲಗಿದೆ. ಮರುದಿನ ಹುಡುಗಿಯನ್ನು ಕೇಳಿದರೆ ಅವಳ ಮುಖ ಅರಳಿತು. “ಹಾಕಿ ಮಿಸ್” ಎಂದಳು. ಹನ್ನೆರಡು ವರ್ಷದ ಮಗು, ತನ್ನ ಬರಹ ನಾಲ್ಕು ಜನ ಓದುತ್ತಾರೆಂದರೆ ಬೇಡ ಎನ್ನುತ್ತದೆಯೆ? ಕತೆ ಅವಳದಾದರೂ ಗುಟ್ಟು ಅವಳ ತಾಯಿಯದು. ಶನಿವಾರ ತಾಯಿಯನ್ನು ಕರೆಸಿ ಓದಿ ಹೇಳಿದೆ. ಆಕೆ ಮೊದಲು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಆಮೇಲೆ ಸುಮ್ಮನಾದಳು. “ಬುಕ್ಕಲ್ಲಿದ್ರೆ ಇರ್ಲಿ ಮೇಡಮ್ಮೋರೆ, ಮನೇಲೆ ಇರ್ತದೆ. ಫೋನಲ್ಲಿ ಬ್ಯಾಡ. ಅವರಪ್ಪನ ಕೈಲೂ ಫೋನ್ ಅದೆ” ಎಂದಳು.

ನನ್ನ ಇಷ್ಟು ವರ್ಷಗಳ ಪ್ರಯೋಗದಲ್ಲಿ ಯಾವ ತಂತ್ರಾಂಶವೂ ಕೇಳದ ಪ್ರಶ್ನೆಯನ್ನು ಆ ಹೆಣ್ಣುಮಗಳು ಕೇಳಿದ್ದಳು: ಓದುವವರಲ್ಲಿ ಯಾರು ಯಾರು ಇದ್ದಾರೆ? ಹೆಸರು ಬದಲಿಸಿದರೆ ಬೆಂಗಳೂರಿನ ಓದುಗರಿಗೆ ಗುರುತು ಸಿಗುವುದಿಲ್ಲ, ನಿಜ. ಒಂದೇ ಬೀದಿಯಲ್ಲಿ ಬದುಕುವವರಿಗೆ ಹೆಸರು ಬೇಕೇ ಇಲ್ಲ. ಕಾನೂನು ಕೂಡ ಇದನ್ನು ಬಲ್ಲದು. ತನಿಖೆ, ವಿಚಾರಣೆಯಲ್ಲಿರುವ ಮಗುವಿನ ಹೆಸರಷ್ಟೇ ಅಲ್ಲ, ವಿಳಾಸ, ಶಾಲೆ, ಗುರುತು ಕೊಡುವ ಬೇರೆ ಯಾವ ವಿವರವನ್ನೂ ಬಯಲು ಮಾಡಬಾರದು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು. ಇಲ್ಲಿ ಕೇಸೂ ಇರಲಿಲ್ಲ, ವಿಚಾರಣೆಯೂ ಇರಲಿಲ್ಲ. ಕಾನೂನು ತಲುಪದ ಅಡುಗೆಮನೆಯಲ್ಲಿ ನಮ್ಮ ವಿವೇಕವೇ ಕಾವಲು.

ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪಲಿಲ್ಲ. “ಹೀಗೆ ಮುಚ್ಚಿಟ್ಟು ಮುಚ್ಚಿಟ್ಟೇ ಹೆಂಗಸರು ಹಾಳಾದದ್ದು. ಕುಡುಕರ ಮನೆಯ ಕಷ್ಟ ಹೊರಗೆ ಬರಲಿ ಬಿಡಿ” ಎಂದರು. ಅವರ ಮಾತನ್ನು ನಾನು ತಳ್ಳಿಹಾಕಲಾರೆ. ಮರ್ಯಾದೆಯ ಹೆಸರಿನಲ್ಲಿ ನಮ್ಮ ಅಜ್ಜಿಯರ ಬಾಯಿ ಕಟ್ಟಿದ ಮನೆಗಳಲ್ಲೇ ನಾವೂ ಬೆಳೆದವರು. ಆದರೆ ಸುಮ್ಮನಿರುವುದರಲ್ಲಿ ಎರಡು ಬಗೆ ಇದೆ. ‘ಹೇಳಬೇಡ’ ಎಂದು ಬೇರೆಯವರು ಆಕೆಯ ಮೇಲೆ ಹೊರಿಸಿದ ಮೌನ ಒಂದು. ತನ್ನ ಹಣವನ್ನೂ ತನ್ನ ಮಗಳನ್ನೂ ಕಾಯಲು ಆಕೆಯೇ ಆರಿಸಿಕೊಂಡ ಮೌನ ಇನ್ನೊಂದು. ಮೊದಲನೆಯದನ್ನು ಮುರಿಯಲು ಆಕೆಗೆ ಜೊತೆ ಬೇಕಾದರೆ ನಾವು ಹೋಗಬೇಕು. ಎರಡನೆಯದನ್ನು ನಾವು ಮುರಿದರೆ ಮೆಚ್ಚುಗೆ ನಮಗೆ ಬರುತ್ತದೆ, ಏಟು ಆಕೆಗೆ ಬೀಳುತ್ತದೆ. ಬರಹದಿಂದ ಆಗುವ ನಷ್ಟವನ್ನು ತಡೆದುಕೊಳ್ಳಬೇಕಾದವರು ಯಾರೋ, ಪ್ರಕಟಿಸುವ ಹಕ್ಕೂ ಅವರದೇ ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ.

ಹಾಗಾದರೆ ಈಗ ಈ ಪುಸ್ತಕದಲ್ಲಿ ಹೇಗೆ ಬರೆದಿರಿ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆ ಕುಟುಂಬ ಈಗ ಇಲ್ಲಿಲ್ಲ. ಕೆಲವು ವಿವರಗಳನ್ನು ನಾನು ಬದಲಿಸಿದ್ದೇನೆ. ಹೊರಡುವ ಮುಂಚೆ ಆ ತಾಯಿಯೇ ಒಂದು ದಿನ ಬಂದು, “ಈಗ ಸಂಘದ ದುಡ್ಡು ಬ್ಯಾಂಕಿನಲ್ಲಿ ನನ್ನ ಹೆಸರಲ್ಲೇ ಅದೆ, ಬೇಕಾದ್ರೆ ಬರ್ಕೊಳ್ಳಿ” ಎಂದು ಹೇಳಿಹೋದಳು. ಅಷ್ಟಾದರೂ ಜಾಗದ ಹೆಸರು ಬರೆಯಲು ನನಗೆ ಮನಸ್ಸು ಬರಲಿಲ್ಲ.

ಪಟ್ಟಣಗಳಲ್ಲಿರುವ ನನ್ನ ಓದುಗ ಸೋದರಿಯರಲ್ಲಿ ಎಷ್ಟೋ ಮಂದಿ, ‘ನಮಗೇನು ಬರೆಯಲು ಬರುತ್ತದೆ’ ಎಂದು ಹಿಂಜರಿಯುತ್ತೀರಿ. ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಈ ಸಾಧನಗಳನ್ನು ಕಲಿಯಿರಿ. ಹೊಸ ಕುಕ್ಕರಿನ ಸೀಟಿ ಅರ್ಥವಾಗುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಮೊದಲು ನಿಮ್ಮ ಸುಖ ದುಃಖವನ್ನೇ ಬರೆಯಿರಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಗಂಡ, ಸೊಸೆ, ನೆರೆಯಾಕೆ, ಮನೆಗೆಲಸದವಳು ನಿಮ್ಮ ಬರಹದೊಳಗೆ ಬಂದರೆ ಅದನ್ನು ಒಂದು ರಾತ್ರಿ ಕರಡಿನಲ್ಲೇ ಮಲಗಿಸಿ. ಬೆಳಿಗ್ಗೆ ಅವರ ಎದುರು ಗಟ್ಟಿಯಾಗಿ ಓದುವ ಧೈರ್ಯ ಬಂದರೆ ಪ್ರಕಟಿಸಿ. ನನ್ನ ಕರಡಿನ ಪೆಟ್ಟಿಗೆಯಲ್ಲಿ ಸದ್ಯಕ್ಕೆ ಹನ್ನೊಂದು ಬರಹಗಳಿವೆ. ಅವುಗಳಲ್ಲಿ ಮೂರನ್ನು ಓದಿಸಬೇಕಾದವರು ಪಕ್ಕದ ಬೀದಿಯಲ್ಲೇ ಇದ್ದಾರೆ. ಈ ಭಾನುವಾರ ಹೋಗಿ ಬರಬೇಕು.